ನಾನು ಬರೆದ ಟ್ಯಾಬ್ ತಪ್ಪುವುದಿಲ್ಲ

ಗಿಟಾರ್ ಮೇಷ್ಟ್ರ ಮನೆಗೆ ತಮಾಷೆಗಳು ತಾವಾಗಿಯೇ ಮೆಟ್ಟಿಲು ಹತ್ತಿ ಬರುತ್ತವೆ. ನಾನು ಬಾಗಿಲು ತೆಗೆದರೆ ಸಾಕು. ಹಲಸೂರಿನಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿ ನಮ್ಮದು. ಕೆಳಗೆ ಗಿರಣಿ ಶುರುವಾದರೆ ಮೇಲೆ ನನ್ನ ಪಾಠದ ಕೋಣೆಯ ನೆಲವೇ ನಡುಗುತ್ತಿತ್ತು. ರಾಗಿ ಹಿಟ್ಟು ಗಿಟಾರಿನ ಹೊಟ್ಟೆಯೊಳಗೂ ಸೇರಿಕೊಳ್ಳುತ್ತಿತ್ತು. ಆದರೆ ಒಂದು ವಿಷಯದಲ್ಲಿ ಮಾತ್ರ ನನ್ನನ್ನು ಯಾರೂ ಅಲುಗಾಡಿಸುವ ಹಾಗಿರಲಿಲ್ಲ: ನಾನು ಬರೆದ ಟ್ಯಾಬ್ ತಪ್ಪುವುದಿಲ್ಲ.

ಟ್ಯಾಬ್ ಅಂದರೆ ಬ್ರಹ್ಮವಿದ್ಯೆ ಏನಲ್ಲ. ಗಿಟಾರಿಗೆ ಆರು ತಂತಿ, ಕಾಗದದ ಮೇಲೆ ಆರು ಗೆರೆ. ಗಿಟಾರಿನಲ್ಲಿ ಎಲ್ಲಕ್ಕಿಂತ ಮೇಲಿರುವ ದಪ್ಪ ತಂತಿಗೆ ಕಾಗದದಲ್ಲಿ ಎಲ್ಲಕ್ಕಿಂತ ಕೆಳಗಿನ ಗೆರೆ. ಗೆರೆಯ ಮೇಲಿರುವ ಅಂಕಿ ಗಿಟಾರಿನ ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳ ನಡುವಿನ ಎಷ್ಟನೇ ಮನೆಯಲ್ಲಿ ಬೆರಳಿಡಬೇಕು ಎಂದು ಹೇಳುತ್ತದೆ. ಸ್ವರ ಗೊತ್ತಿಲ್ಲದವರೂ ಅಂಕಿ ನೋಡಿ ಹಾಡು ನುಡಿಸಬಹುದು. ಅಂಕಿ ಸರಿಯಾಗಿರಬೇಕು, ಅಷ್ಟೆ.

ಸ್ಟೆಪ್ನಿ ತಂತಿ

ಸೈಬರ್ ಕೆಫೆಗಳು ಬಂದ ಹೊಸತು. ಕೆ.ಆರ್. ಪುರದಿಂದ ಬರುತ್ತಿದ್ದ ಕಾಲೇಜು ಹುಡುಗನೊಬ್ಬ ಇಂಟರ್‌ನೆಟ್‌ನಲ್ಲಿ ಒಂದು ಪುಟ್ಟ ಹಾಡಿನ ಟ್ಯಾಬ್ ಹುಡುಕಿ, ಶಿವಾಜಿನಗರ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಮಾಡಿಸಿಕೊಂಡ. ಗೆರೆಗಳು ಕಾಗದದ ತುದಿಗೆ ಅಂಟಿಕೊಂಡ ಹಾಗೆ ಅಚ್ಚಾಗಿದ್ದವು. ಜೆರಾಕ್ಸ್‌ನಲ್ಲಿ ಕೊನೆಯ ಗೆರೆಯೇ ಹಾರಿಹೋಯಿತು.

ಹದಿನೈದು ದಿನ ಮನೆಯಲ್ಲಿ ಅಭ್ಯಾಸ ಮಾಡಿ ಬಂದು ನನ್ನೆದುರು ನುಡಿಸಿದ. ಏನೋ ಬೋಳುಬೋಳು. ನೋಡಿದರೆ, ಮೇಲಿನ ದಪ್ಪ ತಂತಿಯನ್ನು ಒಮ್ಮೆಯೂ ಮುಟ್ಟುತ್ತಿಲ್ಲ.

"ಯಾಕಪ್ಪಾ, ಅದನ್ನ ಬಿಟ್ಬಿಟ್ಟೆ?"

"ಟ್ಯಾಬ್‌ನಲ್ಲಿ ಐದೇ ಗೆರೆ ಇರೋದು ಸಾರ್."

"ಮತ್ತೆ ಆರನೇ ತಂತಿ ಯಾಕೆ ಕಟ್ಟಿದ್ದಾರೆ ಅನ್ಕೊಂಡೆ?"

ಅವನು ಒಂದಿಷ್ಟೂ ಅಳುಕದೆ ಹೇಳಿದ: "ಯಾವುದಾದ್ರೂ ಒಂದು ಕಿತ್ತೋದ್ರೆ ಇರ್ಲಿ ಅಂತ. ಸ್ಟೆಪ್ನಿ ಅನ್ಕೊಂಡೆ ಸಾರ್."

ರಿಜೆಕ್ಷನ್ ಮಾಲು

ಅವತ್ತೇ ಕಾಯಿದೆ ಮಾಡಿದೆ. ನನ್ನ ಹತ್ತಿರ ಕಲಿಯುವವರು ನಾನು ಕೈಯಾರೆ ಬರೆದ ಟ್ಯಾಬ್ ನೋಡಿಯೇ ಕಲಿಯಬೇಕು. ಈ ಕಾಯಿದೆ ಕೇಳಿ ನಿಜವಾಗಿ ಸಂತೋಷಪಟ್ಟವರು ಒಬ್ಬರೇ. ಐವತ್ತು ದಾಟಿದ ಆಸಾಮಿ, ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಟರ್. ಪೊಲೀಸ್ ಅಲ್ಲ, ಲೇತ್ ಯಂತ್ರದಿಂದ ಇಳಿದ ಬಿಡಿಭಾಗಗಳನ್ನು ಅಳೆದು, ಡ್ರಾಯಿಂಗ್ ಆಫೀಸಿನವರು ಅಳತೆ ಬರೆದು ಕೊಟ್ಟ ಡ್ರಾಯಿಂಗ್‌ಗಿಂತ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಪೆನ್ಸಿಲ್‌ನಿಂದ ಗೀಟು ಹಾಕಿ ವಾಪಸ್ ಕಳಿಸುವ ಇನ್‌ಸ್ಪೆಕ್ಟರ್. ಆ ಪೆನ್ಸಿಲ್ ಮನೆಯಲ್ಲೂ ಜೇಬಿನಲ್ಲೇ ಇರುತ್ತಿತ್ತು.

ಮೊದಲ ದಿನ ಕಗ್ಗದಾಸಪುರದಿಂದ ಸ್ಕೂಟರ್‌ನಲ್ಲಿ ಬಂದು ಒಂದೇ ಉಸಿರಿಗೆ ವಿಷಯ ಹೇಳಿದರು. "ಬರೋ ಮಾರ್ಚ್‌ಗೆ ನಮ್ಮ ಮದುವೆ ಆಗಿ ಇಪ್ಪತ್ತೈದು ವರ್ಷ ಸಾರ್. ನಮ್ಮನೆಯವರಿಗೆ ಒಂದು ಹಾಡು ಅಂದ್ರೆ ಪ್ರಾಣ. ನೀವೂ ಒಂದ್ಸಲ ಹಾಡ್ಬಾರ್ದಾ ಅಂತ ಮದುವೆಯಾದ ಹೊಸದ್ರಲ್ಲಿ ಕೇಳಿದ್ರು. ನನ್ನ ಗಂಟಲು ನೋಡಿ ಆಮೇಲೆ ಕೇಳೋದನ್ನೇ ಬಿಟ್ರು. ಹಾಡಕ್ಕಂತೂ ಆಗಲ್ಲ, ನುಡಿಸಿಯಾದ್ರೂ ತೋರಿಸ್ಬೇಕು. ಅದೊಂದೇ ಹಾಡು ಸಾಕು."

ಇಷ್ಟು ಹೇಳುವಾಗ ಅವರ ಕಿವಿ ಕೆಂಪಾಗಿತ್ತು. ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು. ಮೊದಲ ಪಾಠಕ್ಕೆಂದು ನಾಲ್ಕು ಸಾಲಿನ ಟ್ಯಾಬ್ ಕೊಟ್ಟೆ. ಕನ್ನಡಕ ಏರಿಸಿ ಓದಿದರು.

"ಟಾಲರೆನ್ಸ್ ಎಷ್ಟು ಸಾರ್?"

ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿಯಾದರೂ ನಡೆಯುತ್ತದೆ ಎಂಬುದಕ್ಕೆ ಕಾರ್ಖಾನೆಯಲ್ಲಿ ಟಾಲರೆನ್ಸ್ ಎನ್ನುತ್ತಾರಂತೆ. "ಸೊನ್ನೆ!" ಎಂದೆ ಎದೆಯುಬ್ಬಿಸಿ. ಅವರು ಅದನ್ನು ಕಾಗದದ ಮೂಲೆಯಲ್ಲಿ ಬರೆದುಕೊಂಡರು: ಟಾಲರೆನ್ಸ್, ಸೊನ್ನೆ. ಆಮೇಲೆ ನಾನು ಕೊಡುತ್ತಿದ್ದ ಪ್ರತಿ ಹಾಳೆಯ ಮೂಲೆಗೂ ಅದು ತಪ್ಪದೆ ಬೀಳುತ್ತಿತ್ತು.

ಮುಂದಿನ ಪಾಠಕ್ಕೆ ಅಳತೆ ಕಡ್ಡಿ ತಂದು ನನ್ನ ಗಿಟಾರನ್ನು ಉದ್ದಕ್ಕೂ ಅಳೆದರು. ಮುಖ ಸಪ್ಪಗಾಯಿತು. ದನಿ ತಗ್ಗಿಸಿ, ಸಾವಿನ ಸುದ್ದಿ ಹೇಳುವವರ ಹಾಗೆ ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಸಾರ್. ಇದರಲ್ಲಿ ಒಂದು ಮನೆ ಇದ್ದಷ್ಟು ಇನ್ನೊಂದು ಇಲ್ಲ. ಹೋಗ್ತಾ ಹೋಗ್ತಾ ಚಿಕ್ಕದಾಗ್ಬಿಟ್ಟಿದೆ. ನಿಮಗ್ಯಾರೋ ರಿಜೆಕ್ಷನ್ ಮಾಲು ಕಟ್ಟಿದ್ದಾರೆ."

ಡ್ರಾಯಿಂಗ್‌ನಲ್ಲಿ ಇದ್ದದ್ದು

ಗಿಟಾರ್ ಇರುವುದೇ ಹಾಗೆ ಎಂದು ಒಪ್ಪಿಸಲು ಒಂದು ವಾರ ಹಿಡಿಯಿತು. ಆಮೇಲೆ ಅವರ ಶ್ರದ್ಧೆಗೆ ಎಣೆಯೇ ಇರಲಿಲ್ಲ. ಬರೆದದ್ದನ್ನು ಬರೆದ ಹಾಗೆ ನುಡಿಸುತ್ತಿದ್ದರು.

ಒಂದು ಭಾನುವಾರ ಹೊಸ ಪಾಠ ಒಪ್ಪಿಸುತ್ತಿದ್ದರು. ಮೂರು ಸಾಲು ಹೂವಿನ ಹಾಗೆ ಬಂತು. ನಾಲ್ಕನೆಯದರಲ್ಲಿ ಇದ್ದಕ್ಕಿದ್ದಂತೆ ಎಂಟು ಸ್ವರ ದಿಕ್ಕಾಪಾಲಾಗಿ ಓಡಿದವು. ಅವರು ಮಾತ್ರ ಕಣ್ಣು ಮುಚ್ಚಿ, ಭಾವ ತುಂಬಿ, ಕೊನೆಯ ಸ್ವರವನ್ನು ಎಳೆದು ನಿಲ್ಲಿಸಿದರು.

"ಇದೇನ್ರೀ ಇದು, ಎಲ್ಲಿಂದ ಬಂತು?"

"ಕೆಳಗಿನ ಗೆರೆಯ ಮೇಲೆ ಬರೆದಿದೆ ಸಾರ್. ನನಗೂ ಸ್ವಲ್ಪ ಅಪಸ್ವರ ಅನ್ನಿಸ್ತು. ಆದ್ರೆ ಡ್ರಾಯಿಂಗ್‌ನಲ್ಲಿ ಇದ್ದದ್ದನ್ನ ಬಿಡೋ ಹಾಗಿಲ್ವಲ್ಲ."

ಕಾಗದ ನೋಡಿದೆ. ಆ ಎಂಟು ಅಂಕಿಗಳ ಬರಹ ನನ್ನದಲ್ಲ, ನನ್ನ ಹೆಂಡತಿಯದು. ಫೋನ್ ಪಕ್ಕದಲ್ಲಿ ಬಿದ್ದಿದ್ದ ನನ್ನ ಟ್ಯಾಬ್ ಮೇಲೆ ಯಾವುದೋ ನಂಬರ್ ಗೀಚಿಕೊಂಡಿದ್ದಾಳೆ. "ಏನೇ ಇದು?" ಎಂದು ಕೂಗಿದೆ.

ಅಡುಗೆಮನೆಯಿಂದ ಉತ್ತರ ಬಂತು: "ಗ್ಯಾಸ್ ಬುಕಿಂಗ್ ನಂಬರ್ ಕಣ್ರೀ. ಅವತ್ತು ಇಡೀ ದಿನ ಎಂಗೇಜ್ ಬರ್ತಾ ಇತ್ತು. ಸದ್ಯ, ಅವರಿಗಾದ್ರೂ ಸಿಕ್ತಲ್ಲ!"

ಎಗರುವ ಜಾಗ

ಕೊನೆಗೆ ಆ ಹಾಡಿಗೇ ಬಂದೆವು. ಇನ್ಸ್‌ಪೆಕ್ಟರ್ ತಮ್ಮ ಹೆಂಡತಿಗೆ ಗೊತ್ತಾಗದ ಹಾಗೆ ಮನೆಯ ಕ್ಯಾಸೆಟ್ಟನ್ನು ಊಟದ ಡಬ್ಬಿಯಲ್ಲಿಟ್ಟು ತಂದರು. ಮದುವೆಯಾದ ಮೇಲೆ ಕೊಂಡ ಮೊದಲ ಕ್ಯಾಸೆಟ್. ತಂದ ಹೊಸತರಲ್ಲೇ ಟೇಪ್ ಸಿಕ್ಕಿಕೊಂಡು, ಅವರೇ ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ್ದರು. ಹಾಗಾಗಿ ಎರಡನೇ ಸಾಲಿನ ನಡುವೆ ಮೂರು ಪದ ನುಂಗಿ ಹಾಡು ಟಣ್ಣನೆ ಮುಂದಿನ ಸಾಲಿಗೆ ಎಗರುತ್ತಿತ್ತು.

ನಾನು ಬಿಡುವವನೇ? ಇಂದಿರಾನಗರಕ್ಕೆ ಹೋಗಿ ಅದೇ ಹಾಡಿನ ಸಿ.ಡಿ. ತಂದೆ. ನುಂಗಿಹೋಗಿದ್ದ ಐದು ಸ್ವರಗಳನ್ನೂ ಹುಡುಕಿ, ಜಾಗಕ್ಕೆ ಕೂರಿಸಿ, ಟ್ಯಾಬ್ ಬರೆದುಕೊಟ್ಟೆ.

ಅವರು ಎರಡೇ ದಿನಕ್ಕೆ ಕಂಡುಹಿಡಿದರು. "ಇಲ್ಲಿ ಐದು ಅಂಕಿ ಜಾಸ್ತಿ ಇದೆ ಸಾರ್. ನಮ್ಮ ಕ್ಯಾಸೆಟ್‌ನಲ್ಲಿ ಇಲ್ಲ."

"ನಿಮ್ಮ ಕ್ಯಾಸೆಟ್ ತಪ್ಪು. ನನ್ನ ಟ್ಯಾಬ್ ಸರಿ."

"ಸರಿ ಸಾರ್. ಡ್ರಾಯಿಂಗ್ ಆಫೀಸ್ ಹೇಳಿದ್ಮೇಲೆ ಮುಗೀತು" ಎಂದು ಹೊರಟರು. ನಾಲ್ಕು ತಿಂಗಳು ಆ ಐದು ಸ್ವರಗಳ ಮೇಲೆ ಬೆರಳು ಸವೆಸಿದರು.

ಮಾರ್ಚ್ ಬಂತು. ಕಗ್ಗದಾಸಪುರದ ಅವರ ಮನೆಯ ತಾರಸಿಯ ಮೇಲೆ ಶಾಮಿಯಾನ, ಬೆಳಗಿನ ತಿಂಡಿ ಮುಗಿದು ನೆಂಟರಿಷ್ಟರು ಕೂತಿದ್ದರು. ಅವರ ಹೆಂಡತಿ ಹೊಸ ರೇಷ್ಮೆ ಸೀರೆಯಲ್ಲಿ ಮೊದಲ ಸಾಲಿನಲ್ಲಿ. ಇವರು ಗಿಟಾರ್ ತೆಗೆದಾಗ ಆಕೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ಹಾಡು ಗುರುತು ಸಿಕ್ಕಾಗ ಕಣ್ಣಲ್ಲಿ ನೀರು. ಮೆಲ್ಲಗೆ ಜೊತೆಗೆ ಹಾಡತೊಡಗಿದರು.

ಎರಡನೇ ಸಾಲು ಬಂತು. ಆಕೆ ಟಣ್ಣನೆ ಮುಂದಿನ ಸಾಲಿಗೆ ಎಗರಿದರು. ಇವರು ಹಿಂದೆಯೇ ಉಳಿದು ನನ್ನ ಐದು ಸ್ವರ ನುಡಿಸುತ್ತಿದ್ದರು. ಹಾಡು ಮುಗ್ಗರಿಸಿ ಬಿತ್ತು.

"ರೀ, ತಪ್ಪಾಯ್ತು ಅಲ್ಲಿ" ಎಂದರು ಆಕೆ.

"ಇಲ್ಲ ಕಣೇ, ಸರಿಯಾಗೇ ಇದೆ. ಮೇಷ್ಟ್ರು ಬರ್ದಿರೋದು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು ಸಿ.ಡಿ.ಯ ವಿಷಯ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು ಹೇಳಿದರು: "ಸಿ.ಡಿ.ಯವರಿಗೆ ಗೊತ್ತಿಲ್ಲದೆ ಇರಬಹುದು ಮೇಷ್ಟ್ರೇ. ಅಲ್ಲಿ ಎಗರಬೇಕು. ಇಪ್ಪತ್ತೈದು ವರ್ಷದಿಂದ ಎಗರ್ತಾ ಇದೀನಿ." ಮಗ, ಮಗಳು ಹೌದು ಹೌದು ಎಂದರು. ಆಕೆಯ ಎಂಬತ್ತರ ಅತ್ತೆಯೂ, "ಅಲ್ಲಿ ಎಗರದಿದ್ರೆ ಏನ್ ಚೆಂದ?" ಎಂದರು.

ಇನ್‌ಸ್ಪೆಕ್ಟರ್ ಒಮ್ಮೆ ಹೆಂಡತಿಯನ್ನು ನೋಡಿದರು, ಒಮ್ಮೆ ನನ್ನನ್ನು. ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು, ಎದುರಿಗಿದ್ದ ಟ್ಯಾಬ್ ಹಾಳೆಯಲ್ಲಿ ನನ್ನ ಐದು ಅಂಕಿಗಳ ಮೇಲೆ ಗೀಟು ಎಳೆದು ಮತ್ತೆ ಶುರು ಮಾಡಿದರು. ಎರಡನೇ ಸಾಲಿನಲ್ಲಿ ಅವರು, ಆಕೆ, ಮಕ್ಕಳು, ಅತ್ತೆ ಎಲ್ಲರೂ ಒಟ್ಟಿಗೆ ಎಗರಿದರು. ಇಷ್ಟು ವರ್ಷದ ನನ್ನ ಪಾಠದಲ್ಲಿ ಅಷ್ಟು ಚೆನ್ನಾಗಿ ಯಾರೂ ನುಡಿಸಿದ್ದು ನಾನು ಕೇಳಿಲ್ಲ.

ಚಪ್ಪಾಳೆ ಮುಗಿದ ಮೇಲೆ ಅವರು ಆ ಹಾಳೆಯನ್ನು ನನ್ನ ಮುಂದೆ ಹಿಡಿದು, "ಒಂದು ಸೈನ್ ಹಾಕಿ ಸಾರ್. ಡ್ರಾಯಿಂಗ್ ತಿದ್ದಿದ್ರೆ ಡ್ರಾಯಿಂಗ್ ಆಫೀಸ್ ಸಹಿ ಬೇಕೇ ಬೇಕು" ಎಂದರು.

ಮೂಲೆಯಲ್ಲಿ ಟಾಲರೆನ್ಸ್ ಎಂದಿದ್ದ ಕಡೆ ಸೊನ್ನೆಯನ್ನೂ ಹೊಡೆದುಹಾಕಿದ್ದರು. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಬರೆದಿತ್ತು: "ಮನೆಯವರು ಹೇಳಿದಷ್ಟು."

ನಾನು ಕೆಳಗೆ ಸಹಿ ಹಾಕಿದೆ.