ಆನರ್ಸ್ ಸೊಸೈಟಿಗೆ ನಾನು ಮಂದಿಯನ್ನು ಕರೆದದ್ದು

ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನ್ನಿಂದ ಆಗದ ಕೆಲಸ. ದುಃಖವಾದರೆ ಎಷ್ಟು ದಿನ ಬೇಕಾದರೂ ನುಂಗಿಕೊಂಡಿರುತ್ತೇನೆ. ಸಂತೋಷ ಮಾತ್ರ ಒಲೆಯ ಮೇಲಿನ ಹಾಲಿನ ಹಾಗೆ, ಆಕಡೆ ತಿರುಗಿ ಈಕಡೆ ನೋಡುವುದರೊಳಗೆ ಉಕ್ಕಿಬಿಡುತ್ತದೆ. "ನಿನಗ ಒಂದ ಮಾತ ಹೇಳೂದೂ ರೇಡಿಯೋದಾಗ ಹೇಳೂದೂ ಎರಡೂ ಒಂದ" ಎಂದು ನಮ್ಮ ಮನೆಯವರು ಅನ್ನುತ್ತಲೇ ಇರುತ್ತಾರೆ.

ಇಂಥ ನನ್ನ ಮುಂದೆ ಮೊಮ್ಮಗಳು ವಿಮಲಾ ಒಂದು ಸಂಜೆ ಅಂಧೇರಿಯ ಕಾಲೇಜಿನಿಂದ ಬಂದವಳು, ಚಪ್ಪಲಿ ಬಿಡುತ್ತಲೇ, "ಆಯಿ, ನನ್ನ ಆನರ್ಸ್ ಸೊಸೈಟಿಗೆ ತೊಗೊಂಡ್ರು!" ಎಂದಳು. ನಾನು ಕಲಿತದ್ದು ಮೂರನೆಯ ಇಯತ್ತೆ. ಅದೂ ಮುಗಿಯುವ ಮೊದಲೇ ಮನೆಯಲ್ಲಿ ತಮ್ಮ ಹುಟ್ಟಿದ, ಅವನ ತೊಟ್ಟಿಲು ತೂಗಲು ನನ್ನ ಶಾಲೆ ಬಿಡಿಸಿದರು. "ಅಂದ್ರ ನೌಕರಿ ಏನವಾ?" ಎಂದು ಕೇಳಿದೆ.

"ನೌಕರಿ ಅಲ್ಲ ಆಯಿ. ಚಲೋ ಮಾರ್ಕ್ಸ್ ತೊಗೊಂಡವರದ್ದು ಒಂದು ಕೂಟ. ನಾವಾಗೇ ಅರ್ಜಿ ಹಾಕೂ ಹಂಗಿಲ್ಲ, ಪ್ರೊಫೆಸರ್‌ಗಳೇ ಆರಿಸಿ ಕರೀತಾರ, ಎದಿಗೆ ಸೊಸೈಟಿ ಬಿಲ್ಲೆ ಹಚ್ಚತಾರ."

ಕುರ್ಲಾಕ್ಕೆ ಬಂದು ಇಷ್ಟು ವರ್ಷವಾದರೂ ಸಾಲಿನಲ್ಲಿ ನಿಲ್ಲದೆ ನನಗೆ ಯಾರೂ ಸೀಮೆಎಣ್ಣೆಯನ್ನು ಸಹ ಕೊಟ್ಟಿಲ್ಲ. ಈ ಹುಡುಗಿಯನ್ನು ಅವರೇ ಕರೆಯುತ್ತಾರಂತೆ! ನನ್ನ ಕುತೂಹಲ ತಡೆಯಲಿಲ್ಲ. "ಕರದು ಏನ್ ಮಾಡ್ತಾರ?"

"ತಿಂಗಳಿಗೊಮ್ಮೆ ಎಲ್ಲಾರೂ ಕೂಡ್ತೀವಿ. ಒಬ್ಬರು ಮಾತಾಡ್ತಾರ, ಉಳದವರು ಪ್ರಶ್ನಾ ಕೇಳ್ತಾರ."

"ಆಮ್ಯಾಲೆ?"

"ಆಮ್ಯಾಲೆ ಚಹಾ."

"ಭಜನಿ ಇಲ್ಲ?"

"ಇಲ್ಲ."

"ಜಗಳ?"

"ಆಯಿ!"

ಬರೀ ಪ್ರಶ್ನೆ ಕೇಳುವುದಕ್ಕೆಂದೇ ಕೂಡುವ ಮಂದಿ! ಸಣ್ಣವಳಿದ್ದಾಗ ನಾನು, ಆಕಳಿಗೆ ಮುಂದಿನ ಮೇಲಿನ ಹಲ್ಲು ಯಾಕಿಲ್ಲ ಎಂದು ಕೇಳಿದ್ದಕ್ಕೆ, ನಮ್ಮವ್ವ ಸವುಟು ಎತ್ತಿ ತೋರಿಸಿ, ನಿನಗೂ ಇಲ್ಲದಂಗ ಮಾಡ್ತೀನಿ ಎಂದಿದ್ದಳು. ಈಗ ನೋಡಿದರೆ ಅದೇ ಕೆಲಸಕ್ಕೆ ನನ್ನ ಮೊಮ್ಮಗಳನ್ನು ಕರೆದು, ಎದೆಗೆ ಬಿಲ್ಲೆ ಹಚ್ಚಿ, ಚಹಾನೂ ಕುಡಿಸುತ್ತಾರೆ. ಬಿಲ್ಲೆ ಹಚ್ಚುವ ಸಮಾರಂಭ ಶನಿವಾರ ಎಂದಳು.

ಅಷ್ಟು ಕೇಳಿ ನಾನು ಸುಮ್ಮನಿರಬೇಕಿತ್ತು. ಮರುದಿನ ಅವಳು ಕಾಲೇಜಿಗೆ ಹೋದದ್ದೇ ತಡ, ಇಳಕಲ್ ಸೀರೆ ಉಟ್ಟೆ, ಸೊಸೆ ಶಾಂತಾಳ ಕೈಗೆ ಕುಂಕುಮದ ಭರಣಿ ಕೊಟ್ಟೆ, ಚಾಳಿನ ನಮ್ಮ ಮಹಡಿಯ ಈ ತುದಿಯಿಂದ ಆ ತುದಿಯವರೆಗೆ ಹೆಣ್ಣುಮಕ್ಕಳ ಹಣೆಗೆ ಕುಂಕುಮ ಹಚ್ಚಿ, "ನಮ್ಮ ವಿಮ್ಮಿ ಕಾರ್ಯಕ್ಕ ಬರ್ರೆವಾ" ಎಂದು ಕರೆದು ಬಂದೆ. ನಮ್ಮ ಕಡೆ ಮದುವೆಯಿರಲಿ ಬಸುರಿಯ ಕುಬಸವಿರಲಿ, ಕರೆಯುವುದು ಹೀಗೆಯೇ. ಬಾಯಿಮಾತಿನಲ್ಲಿ ಕರೆದರೆ ತಪ್ಪಿಸಿಕೊಳ್ಳಬಹುದು, ಕುಂಕುಮ ಹಚ್ಚಿಸಿಕೊಂಡವರು ಬರಲೇಬೇಕು. ಪಕ್ಕದ ಖೋಲಿಯ ಗಿರಿಜಕ್ಕ ಉಡುಪಿಯ ಕಡೆಯವರು. ಅವರ ಯಜಮಾನರು ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ಇದ್ದಾರೆ. "ಊಟ ಉಂಟಾ ಆಯಿ?" ಎಂದು ಕೇಳಿದರು. ಚಹಾ ಮಾತ್ರ ಎಂದೆ. "ಒಂದು ಚಾಯಕ್ಕೆ ಅಂಧೇರಿಯವರೆಗಾ ಮಾರಾಯ್ರೆ! ಇರಲಿ, ಹುಡುಗಿಗಾಗಿ ಬರ್ತೇನೆ."

ಸಂಜೆ ವಿಮಲಾ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎಲ್ಲರೂ ಅವಳನ್ನು ನಿಲ್ಲಿಸಿ, ಯಾವ ಸೀರೆ ಉಟ್ಟು ಬರಲಿ ಎಂದು ಕೇಳಿದ್ದರು. ಮುಖ ಕೆಂಪಗೆ ಮಾಡಿಕೊಂಡು ಬಾಗಿಲಲ್ಲಿ ನಿಂತಳು.

"ಆಯಿ, ಏನ್ ಮಾಡಿಟ್ಟಿ ಇದು? ನನಗ ಕೊಟ್ಟಿದ್ದು ಎರಡ ಪಾಸ್. ಅವ್ವಗೊಂದು, ನಿನಗೊಂದು. ಅಪ್ಪಗೂ ಇಲ್ಲ! ಹೋಗಿ ಎಲ್ಲಾರಿಗೂ ಬ್ಯಾಡಂತ ಹೇಳಿ ಬಾ."

"ಹಚ್ಚಿದ ಕುಂಕುಮ ಒರಸಿ ಬಾ ಅಂತೀಯೇನ?"

ಅವಳು ಗೋಡೆಗೆ ಮುಖ ಮಾಡಿ ಕೂತಳು. "ಅಲ್ಲೆ ಎಲ್ಲಾ ಇಂಗ್ಲಿಷ್ ಮಾತಾಡೂ ಮನಿಯವರು. ಬಾಗಲಾಗ ನಮ್ಮ ಚಾಳ್ ಬಂದು ನಿಂತ್ರ ನಗ್ತಾರ. ನಾ ಹೋಗೂದೇ ಇಲ್ಲ, ಬಿಲ್ಲೆ ಅವರ ಹತ್ರನೇ ಇರ್ಲಿ."

ಅರ್ಜಿ ಹಾಕದೆ ಬಂದದ್ದು ನನ್ನ ಬಾಯಿಂದಾಗಿ ಹೋಗಬೇಕೇ? ಅವತ್ತಿನಿಂದ ಅವಳ ಹಿಂದೆ ಹಿಂದೆ ಓಡಾಡಿದೆ. "ನಾವು ಒಳಗ ಬರಂಗಿಲ್ಲ. ಹೊರಗ ಕೂಡ್ತೀವಿ. ನೀ ನಮ್ಮನ್ನ ಮಾತಾಡಸಬ್ಯಾಡ, ಗುರ್ತ ಸೈತ ಹಿಡೀಬ್ಯಾಡ" ಎಂದೆ. ಅವಳು ಶನಿವಾರ ಬೆಳಗ್ಗೆ ತಂಬಿಗೆಯಲ್ಲಿ ಕೆಂಡ ಹಾಕಿ ಸೀರೆ ಇಸ್ತ್ರಿ ಮಾಡತೊಡಗಿದಳು. ಅದನ್ನೇ ಹೂಂ ಎಂದುಕೊಂಡೆ.

ನನ್ನ ಪಾಸನ್ನು ಗಿರಿಜಕ್ಕನಿಗೆ ಕೊಟ್ಟೆ. ಕರೆದವಳು ಒಳಗೆ ಕೂತು ಕರೆಸಿಕೊಂಡವರು ಹೊರಗೆ ನಿಂತರೆ ನಾಳೆ ನಲ್ಲಿಯ ಮುಂದೆ ಮುಖ ತೋರಿಸುವುದು ಹೇಗೆ? ದಾದರಿನಲ್ಲಿ ಗಾಡಿ ಬದಲಿಸಿ ಹೋದೆವು. ಗಿರಿಜಕ್ಕ, ಶಾಂತಾ ಒಳಗೆ ಹೋದರು. ಉಳಿದವರೆಲ್ಲ ಸಮಾರಂಭದ ಹಾಲ್‌ನ ಕಿಟಕಿಯ ಹೊರಗೆ ಬಾದಾಮಿ ಮರದ ಕಟ್ಟೆಯ ಮೇಲೆ ಕೂತೆವು. ಒಳಗಿನ ಮೈಕಿನಲ್ಲಿ ಇಂಗ್ಲಿಷ್, ನಡುನಡುವೆ ಚಪ್ಪಾಳೆ. ಕೇಳಿದಾಗೆಲ್ಲ ನಾವೂ ಹೊಡೆದೆವು. ಯಾರ ಮಕ್ಕಳಾದರೇನು, ಕಲಿತವರಲ್ಲವೇ? ವಿಮ್ಮಿಯ ಹೆಸರು ಬಂದಾಗ ಕೈ ಮುರಿಯುವ ಹಾಗೆ ಹೊಡೆಯಬೇಕೆಂದು ನಾನು ಕಿವಿ ನಿಗುರಿಸಿ ಕೂತಿದ್ದೆ.

ಮೈಕು ಒಮ್ಮೆ 'ಕುಂಯ್' ಎಂದು ಕಿರುಚಿತು. ಅದೇ ಹೊತ್ತಿಗೆ ವಾಚ್‌ಮನ್ ಕೋಲು ಹಿಡಿದು ಬಂದ. "ಏ ಬಾಯಿ, ಶೋರ್ ಮತ್ ಕರೋ! ಕೌನ್ ಹೋ ತುಮ್ ಲೋಗ್?"

ಯಾರು ಎಂದು ನನ್ನನ್ನು ಕೇಳಬೇಕೇ! ಎದ್ದು ನಿಂತೆ. ನನಗೆ ಬರುವ ಹಿಂದಿ ಕಾಯಿಪಲ್ಯ ಕೊಳ್ಳುವ ಹಿಂದಿ. ಅದರಲ್ಲೇ, "ಅಂದರ್ ಹಮಾರಾ ನಾತಿನ್ ಹೈ" ಎಂದು ಶುರುಮಾಡಿ, ಮೊಮ್ಮಗಳ ಮಾರ್ಕ್ಸು, ಅರ್ಜಿಯಿಲ್ಲದೆ ಕರೆದದ್ದು, ಬಿಲ್ಲೆ, ಪ್ರಶ್ನೆ, ಚಹಾ ಎಲ್ಲವನ್ನೂ ಹೇಳಿದೆ. ನನ್ನ ಬೆನ್ನ ಹಿಂದೆ ನಮ್ಮವರು ಹಿಂದೆಂದಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ವಾಚ್‌ಮನ್ ಪಾಪ, ಕೋಲು ಕಂಕುಳಲ್ಲಿ ಇಟ್ಟು ಹೋಗಿ ನಮಗೆಲ್ಲ ನೀರು ತಂದುಕೊಟ್ಟ.

ಸಮಾರಂಭ ಮುಗಿದು ವಿಮ್ಮಿ ಗೆಳತಿಯರ ಜೊತೆ ಹೊರಗೆ ಬಂದಳು. ಕೊಟ್ಟ ಮಾತಿನಂತೆ ನಾನು ಮರದ ಕಡೆ ತಿರುಗಿದೆ.

"ಆಯಿ, ಗಿಡದಾಗ ಏನ್ ನೋಡ್ತಿ?" ಪಕ್ಕದಲ್ಲೇ ಅವಳ ದನಿ. "ನಾ ಸ್ಟೇಜ್ ಮ್ಯಾಲೆ ಇದ್ದಾಗ ಒಳಗಿನವರು ಚಪ್ಪಾಳಿ ನಿಲ್ಲಿಸಿದ್ರು, ಹೊರಗಿನವರು ನಿಲ್ಲಿಸವಲ್ರು. ಪ್ರಿನ್ಸಿಪಾಲರು ಯಾರವರು ಅಂತ ಕೇಳಿದ್ರು."

"ನೀ ಏನಂದಿ?"

"ನಮ್ಮ ಮಂದಿ, ಅಂದೆ."

ನಾನು ಅವಳ ಎದೆಯ ಬಿಲ್ಲೆಯನ್ನು ಸೆರಗಿನಿಂದ ಒರೆಸಿದೆ. ಗೆಳತಿಯರು ಒಬ್ಬೊಬ್ಬರಾಗಿ ಬಂದು ಮಾತಾಡಿಸಿದರು.

ಗಾಡಿಯಲ್ಲಿ ಬರುವಾಗ ಹೆಂಗಸರ ಡಬ್ಬಿಯಲ್ಲಿ ಗಿರಿಜಕ್ಕ ಕೇಳಿದರು, "ಹೊರಗಿದ್ದವರಿಗೆ ವಿಮಲನ ಸರದಿ ಯಾವುದೂಂತ ಗೊತ್ತಾಯ್ತಾ?"

"ಮೈಕ್ 'ಕುಂಯ್' ಅಂತಲ್ಲ, ಅದರ ಬೆನ್ನಿಗೇ ನನ್ನ ಹೆಸರು" ಎಂದಳು ವಿಮ್ಮಿ.

"ಹಂಗಾದ್ರ ಆ ಜೋರಂದು ಇಕೀಗೇ ಹೊಡದದ್ದು!" ಎಂದು ನಮ್ಮವರೆಲ್ಲ ಕೆಂಪಾದ ಅಂಗೈಗಳನ್ನು ಮುಂದೆ ಹಿಡಿದರು. ವಿಮ್ಮಿ ನಗುತ್ತ ಒಂದೊಂದನ್ನೇ ಮುಟ್ಟಿ ನೋಡುತ್ತ ನನ್ನ ಕಡೆ ಬಂದಳು. "ಆಯಿ, ನಿನ್ನ ಕೈ ತೋರಸು. ಎಲ್ಲಾರಕಿಂತ ಕೆಂಪ ಆಗಿರಬೇಕು."

ನಾನು ಆ ಹೊತ್ತಿಗೆ ವಾಚ್‌ಮನ್ ಮುಂದೆ ಆಡಿಸುತ್ತಿದ್ದ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, ದಾದರ್ ಬಂತೇನು ನೋಡು ಎಂದೆ.