ಮೇಷ್ಟ್ರ ಆರಿಯಾ, ಫ್ರಿಜ್ಜಿನ ಶ್ರುತಿ

"ನೋಡ್ತಾ ಇರು! ಮುನ್ನೂರು ವರ್ಷದ ಹಿಂದೆ ಹುಟ್ಟಬೇಕಾಗಿದ್ದ ಆರಿಯಾ ನಮ್ಮನೆ ಊಟದ ಮೇಜಿನ ಮೇಲೆ ಹುಟ್ಟುತ್ತೆ!" ಎಂದು ಸಂಗೀತದ ಮೇಷ್ಟ್ರು ಘೋಷಿಸಿದಾಗ ಅವರ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು.

"ಹುಟ್ಟಲಿ ಬಿಡಿ. ಊಟದ ಹೊತ್ತಿಗೆ ಮೇಜು ಖಾಲಿಯಾದ್ರೆ ಸಾಕು."

ಮೇಷ್ಟ್ರು ನಿವೃತ್ತರು. ಜೀವಮಾನವಿಡೀ ಶಾಲೆಯ ಮಕ್ಕಳ ಅಪಸ್ವರವನ್ನು ಕೇಳಿ ಕಿವಿ ಸವೆಸಿಕೊಂಡವರು. ಆರಿಯಾ ಎಂದರೆ ಒಪೆರಾ ಎಂಬ ಪಾಶ್ಚಾತ್ಯ ಸಂಗೀತನಾಟಕದಲ್ಲಿ ಒಬ್ಬರೇ ಮುಂದೆ ನಿಂತು ಎದೆಯಲ್ಲಿರುವುದನ್ನೆಲ್ಲ ತೋಡಿಕೊಳ್ಳುವ ಹಾಡು. ಮುನ್ನೂರು ವರ್ಷದ ಹಿಂದೆ, ಯುರೋಪಿನ ಬರೋಕ್ ಯುಗದ ಕೊನೆಗಾಲದಲ್ಲಿ, ಅದಕ್ಕೊಂದು ಕಟ್ಟಳೆಯಿತ್ತು. ಮೊದಲ ಭಾಗ ಹಾಡಬೇಕು, ಎರಡನೆಯದಕ್ಕೆ ಹೋಗಬೇಕು, ತಿರುಗಿ ಮೊದಲಿಗೇ ಬರಬೇಕು. ಬಂದಾಗ ಗಾಯಕಿ ಅದಕ್ಕೆ ತನ್ನಿಷ್ಟದ ಒಡವೆಗಳನ್ನು ತೊಡಿಸಿ ಹಾಡಬೇಕು.

ಗಾಯಕಿ ಯಾರು? ಹೆಂಡತಿಯೇ. ಒಂದು ಕಾಲಕ್ಕೆ ಅವಳ ದನಿಗೆ ಸಭಾಂಗಣದ ಕಿಟಕಿಯ ಗಾಜು ನಡುಗುತ್ತಿತ್ತು. ಹಿಂದಿನ ಚಳಿಗಾಲದಲ್ಲಿ ಎದೆಯ ಕಾಯಿಲೆಯಿಂದ ಆಸ್ಪತ್ರೆ ಸೇರಿ ಮರಳಿದ ಮೇಲೆ ಅವಳು ಹಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮನೆಗೆ ಮಂಕು ಕವಿದಿತ್ತು. ಪಾತ್ರೆಗಳ ಸದ್ದು ಕೂಡ ತಗ್ಗಿತ್ತು. ಅವಳನ್ನು ಮತ್ತೆ ಹಾಡಿಸಬೇಕು. ಮೇಷ್ಟ್ರಿಗೆ ಉಳಿದಿದ್ದ ಆಸೆ ಅದೊಂದೇ. ಅದನ್ನು ನೇರವಾಗಿ ಹೇಳಬಹುದಿತ್ತು. ಹೇಳದೆ ಆರಿಯಾ ಬರೆಯಲು ಕುಳಿತರು. ಗಂಡಸರ ಬುದ್ಧಿ!

ಬರೆದದ್ದು ಶೋಕಗೀತೆ. 'ಕತ್ತಲೆ' ಎಂಬ ಒಂದೇ ಮಾತಿನ ಮೇಲೆ ಎರಡು ಪುಟದಷ್ಟು ಸ್ವರಗಳು ಮೆಟ್ಟಿಲಿಳಿಯುತ್ತಿದ್ದವು.

ಹೆಂಡತಿ ಕನ್ನಡಕ ಏರಿಸಿ ನೋಡಿದಳು. "ಇದರಲ್ಲಿ ಉಸಿರು ಎಲ್ಲಿ ತಗೊಳ್ಳೋದು?"

"ಆ ಕಾಲದವರು ತಗೊಳ್ತಾನೇ ಇರಲಿಲ್ಲ ಕಣೇ!"

"ಅದಕ್ಕೇ ಒಬ್ಬರೂ ಉಳಿದಿಲ್ಲ," ಎಂದು ಹಾಳೆ ಹಿಂದಿರುಗಿಸಿ, ತಂಗಿಯ ಮನೆಯಲ್ಲಿ ಎರಡು ದಿನ ಇದ್ದು ಬರುತ್ತೇನೆಂದು ಹೊರಟುಬಿಟ್ಟಳು.

ಮೇಷ್ಟ್ರು ಸೋಲಲಿಲ್ಲ. ಪಿಯಾನೋದ ಅಜ್ಜಿಯಂತಿದ್ದ ತಮ್ಮ ಹಾರ್ಪ್ಸಿಕಾರ್ಡಿನ ತಂತಿಗಳನ್ನು ಹಳೆಯ ಪದ್ಧತಿಯಂತೆ ಈಗಿನ ಶ್ರುತಿಗಿಂತ ಅರ್ಧ ಸ್ವರ ಇಳಿಸಿದರು. ಕಣ್ಮುಚ್ಚಿ ಮೊದಲ ಸ್ವರದ ಮನೆ ಒತ್ತಿದರು. ಆಹಾ! ಆದರೆ ಅಡುಗೆಮನೆಯಿಂದ ಇನ್ನೊಂದು ದನಿ. ಗುಂಯ್‌ಯ್‌ಯ್! ಮುದಿ ಫ್ರಿಜ್ಜು, ಇವರು ಇಳಿಸಿದ್ದಕ್ಕೂ ಅರ್ಧ ಸ್ವರ ಕೆಳಗೆ ನಿಂತು ಗೊಣಗುತ್ತಿತ್ತು! ಇವರ ಷಡ್ಜಕ್ಕೆ ಅದು ಎದುರು ವಾದಿಸುತ್ತಿತ್ತು. ಬೇರೆಯವರಾಗಿದ್ದರೆ ಬಾಗಿಲು ಮುಚ್ಚುತ್ತಿದ್ದರು. ಮೇಷ್ಟ್ರ ಕಿವಿಗೆ ಅಷ್ಟು ಸಾಲದು. ಎದ್ದು ಹೋಗಿ ಪ್ಲಗ್ಗನ್ನೇ ಕಿತ್ತರು. "ಶ್ರುತಿಗೆಟ್ಟದ್ದೇ! ಸ್ವಲ್ಪ ಹೊತ್ತು ಸುಮ್ಮನಿರು!"

ಆ ಸ್ವಲ್ಪ ಹೊತ್ತು ಎರಡು ಹಗಲು ಹಿಡಿಯಿತು. ಮೇಷ್ಟ್ರು ಗೋಳಿಟ್ಟು ಹಾಡಿ ಹಾಡಿ ಬರೆದಂತೆ 'ಕತ್ತಲೆ' ಮೂರನೆಯ ಪುಟಕ್ಕೆ ಇಳಿಯಿತು. ಯಾವುದೋ ಕಾಲದಿಂದ ಕಟ್ಟಿಕೊಂಡಿದ್ದ ಹಿಮವೂ ಕರಗಿ ಫ್ರಿಜ್ಜಿನಿಂದ ನೆಲಕ್ಕೆ, ನೆಲದಿಂದ ಕೆಳಮನೆಗೆ ಇಳಿಯಿತು.

ಬಾಗಿಲು ದಬದಬ ಬಡಿದ ಸದ್ದಾಯಿತು. ಕೆಳಮನೆಯ ದರ್ಜಿ, ಹೆಗಲ ಮೇಲೆ ತೊಯ್ದು ತೊಪ್ಪೆಯಾದ ಕೋಟು.

"ಮೇಷ್ಟ್ರೇ, ನೀವು ಅಳ್ಕೊಳ್ಳಿ, ನಾನು ಬೇಡ ಅನ್ನಲ್ಲ. ಆದರೆ ನಿಮ್ಮ ದುಃಖ ನನ್ನ ಹೊಲಿಗೆ ಮಿಷನ್ ಮೇಲೆ ಸೋರ್ತಾ ಇದೆ!"

"ಅದು ಆರಿಯಾ ಮಾರಾಯ!"

"ಏನಾದ್ರೂ ಆಗಲಿ, ವಾಸನೆ ಬರ್ತಾ ಇದೆ!"

ಅಷ್ಟರಲ್ಲಿ ಹೆಂಡತಿ ಮೆಟ್ಟಿಲೇರಿ ಬಂದಳು. ನೇರ ಅಡುಗೆಮನೆಗೆ ನಡೆದು ಫ್ರಿಜ್ಜಿನ ಬಾಗಿಲು ತೆರೆದಳು. ಒಡೆದ ಹಾಲು, ಕರಗಿದ ಬೆಣ್ಣೆ, ಕೊಳೆತ ಮೀನು. ಮೇಷ್ಟ್ರು ಬೈಗುಳಕ್ಕೆ ಕಾದು ನಿಂತರು. ಬೈಗುಳ ಬರಲಿಲ್ಲ. ಅವಳು ನೀರಲ್ಲೇ ಸ್ಟೂಲು ಎಳೆದುಕೊಂಡು ಕುಳಿತು, ಕಿತ್ತ ಪ್ಲಗ್ಗನ್ನು ಕೈಯಲ್ಲಿ ಹಿಡಿದು ಅತ್ತಳು. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು ಮೇಷ್ಟ್ರಿಗೆ.

"ಮೀನು ಬೇರೆ ತರೋಣ ಕಣೇ..."

"ಮೀನಿಗೆ ಯಾರು ಅಳ್ತಾರೆ? ಇದನ್ನ ಕೆಡಿಸಿಬಿಟ್ರಲ್ಲ!" ಎಂದು ಫ್ರಿಜ್ಜಿನ ಬೆನ್ನು ಸವರಿದಳು. "ನೀವು ವಾಕಿಂಗ್ ಹೋದಾಗ ದಿನಾ ಇದರ ಜೊತೆ ಹಾಡ್ತಿದ್ದೆ. ಕಾಯಿಲೆ ಆದ್ಮೇಲೆ ನನ್ನ ದನಿ ಇಷ್ಟೇ ಕೆಳಗೆ ನಿಲ್ಲೋದು. ಇದರ ಗುಂಯ್ ಅನ್ನೋ ಶ್ರುತಿಗೆ ಸರಿಯಾಗಿ ಸೇರುತ್ತೆ."

ಮೇಷ್ಟ್ರು ಸ್ಟೂಲಿನ ಪಕ್ಕ ನೀರಲ್ಲೇ ಕುಕ್ಕರಿಸಿದರು. "ನನ್ನ ಮುಂದೆ ಯಾಕೆ ಹಾಡಲಿಲ್ಲ?"

"ನೀವು ತಿದ್ದುತ್ತೀರಿ. ಇದು ತಿದ್ದಲ್ಲ."

ದರ್ಜಿ ಏನೂ ಕೇಳಿಸದವನಂತೆ ನೆಲ ಒರೆಸತೊಡಗಿದ. ಒರೆಸಿ ಒಣಗಿದ ಮೇಲೆ ಮೇಷ್ಟ್ರು ಪ್ಲಗ್ಗು ಸಿಕ್ಕಿಸಿದರು. ಮೌನ. ಮೇಷ್ಟ್ರ ಬದುಕಿನಲ್ಲಿ ಅಷ್ಟು ಭಯಾನಕ ವಿರಾಮ ಇನ್ನೊಂದಿರಲಿಲ್ಲ. ಆಮೇಲೆ ಫ್ರಿಜ್ಜು ಮೈ ಕೊಡವಿ, ಗಂಟಲು ಸರಿಮಾಡಿಕೊಂಡು, ಗುಂಯ್‌ಯ್ ಎಂದಿತು. ಷಡ್ಜ!

"ಅದೇ ಶ್ರುತಿಗೆ ಇಡೀ ಆರಿಯಾ ಇಳಿಸಿ ಬರೀತೀನಿ," ಎಂದರು ಮೇಷ್ಟ್ರು, ಶಿಕ್ಷೆಗೆ ನಿಂತ ಹುಡುಗನ ದನಿಯಲ್ಲಿ. "ಹಾಡ್ತೀಯಾ?"

ಅವಳು ಮೂಗು ಒರೆಸಿಕೊಂಡಳು. "ಹಾಡೋಣ. ಅಡುಗೆಮನೆಯಲ್ಲೇ."

"ಉಸಿರಿನ ಜಾಗ ನಾನೇ ಗುರುತು ಹಾಕಿಕೊಡ್ತೀನಿ."

"ಏನೂ ಬೇಡ. ಫ್ರಿಜ್ಜು ನಡುನಡುವೆ ತಾನೇ ಸುಮ್ಮನಾಗುತ್ತೆ, ಆಗ ನಾನು ಉಸಿರು ತಗೊಳ್ತೀನಿ," ಎಂದಳು ಹೆಂಡತಿ. "ಇಷ್ಟು ವರ್ಷದ ಸಂಸಾರದಲ್ಲಿ ನಿಮ್ಮಿಂದ ಹಾಗೆ ಸುಮ್ಮನಾಗೋದೊಂದು ಆಗಲಿಲ್ಲ ನೋಡಿ!"