ಅಪ್‌ಡೇಟ್ ಆದ ಮರುದಿನ

ಸೋಮವಾರ ಬೆಳಿಗ್ಗೆ ನನಗೆ ಬರುವ ಫೋನುಗಳೆಲ್ಲ ಒಂದೇ ವಾಕ್ಯದಿಂದ ಶುರುವಾಗುತ್ತವೆ: "ನಾನೇನೂ ಮಾಡಿಲ್ಲ." ಅದು ನಿಜ. ಮಾಡಿದವನು ನಾನು. ಕಂಪ್ಯೂಟರಿನ ಹೊಟ್ಟೆಯೊಳಗೆ ಕರ್ನಲ್ ಎಂಬ ತಂತ್ರಾಂಶವಿರುತ್ತದೆ. ಕೀಬೋರ್ಡು, ಪರದೆ, ಪ್ರಿಂಟರು ಎಲ್ಲ ಕೇಳುವುದು ಅದರ ಮಾತನ್ನೇ. ಭಾನುವಾರ ಮಾಟುಂಗದ ನನ್ನ ಖೋಲಿಯಲ್ಲಿ ಕೂತು ಇಂಟರ್ನೆಟ್ಟಿನ ಮೂಲಕವೇ ಗಿರಾಕಿಗಳ ಕರ್ನಲ್‌ಗಳನ್ನು ಅಪ್‌ಡೇಟ್ ಮಾಡುತ್ತೇನೆ. ಸೋಮವಾರ ಕೆಲವು ಕಂಪ್ಯೂಟರುಗಳು ಯಜಮಾನರನ್ನೇ ಒಳಗೆ ಬಿಡುವುದಿಲ್ಲ. ವರ್ಷಗಳಿಂದ ಹೀಗೇ ನಡೆದುಬಂದಿದೆ.

ಬೆರಳು

ಕುರ್ಲಾದಲ್ಲಿ ಕಸೂತಿ ಕಾರ್ಖಾನೆ ಇಟ್ಟಿರುವ ಚಾಚಾ ವಿಜಯಪುರದ ಕಡೆಯವರು. ಅವರ ಕಂಪ್ಯೂಟರ್ ತೆರೆಯುವುದು ಬೆರಳಚ್ಚಿನಿಂದ. ಮರುದಿನದ ಮದುವೆಯ ಶೇರ್ವಾನಿಯ ಡಿಸೈನು ಅದರೊಳಗೇ ಸಿಕ್ಕಿಕೊಂಡಿತ್ತು. ನಾನು ಹೋದಾಗ ಚಾಚಾ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತಿದ್ದರು.

"ಮೂರ್ ಸಲ ಸಾಬೂನ್ ಹಚ್ಚಿ ತೊಳದೀನ್ರಿ. ಹತ್ತೂ ಬೆರಳ ತೋರ್ಸೀನಿ. ಒಂದೂ ಒಲ್ಲೆ ಅಂತೈತಿ."

"ಪಾಸ್‌ವರ್ಡ್ ಹಾಕಿದರೂ ತೆರೆಯುತ್ತದಲ್ಲ ಚಾಚಾ?"

"ಮೈಮ್ಯಾಲ ಬೆರಳ ಇರೋವಾಗ ಅದನ್ಯಾಕ್ ನೆನಪ ಇಡ್ಲಿ?"

ಒಂದು ಗಂಟೆ ಹೆಣಗಿ ಸರಿಮಾಡಿದೆ. ಬೆರಳು ಇಟ್ಟ ಕೂಡಲೇ ತೆರೆಯಿತು. ಆದರೂ ಚಾಚಾರ ಮುಖ ಅರಳಲಿಲ್ಲ.

"ಆರ್ ವರ್ಷ ದಿನಾ ಮುಂಜಾನೆ ಇದನ್ನ ಮುಟ್ಟೀನ್ರಿ. ಒಂದ್ ದಿನದಾಗ ಯಾರ್ ನೀನು ಅಂತು. ನಮ್ಮ ಬೀಗರಿಗೂ ನನ್ನ ಮರೀಲಿಕ್ಕೆ ಎರಡ್ ದಿನಾ ಬೇಕಾಗಿತ್ತು."

ಅರ್ಧರ್ಧ

ಗ್ರಾಂಟ್ ರೋಡಿನ ಹತ್ತಿರ ಒಂದು ಕನ್ನಡ ಸಂಘ. ಅಲ್ಲಿನ ಕಂಪ್ಯೂಟರನ್ನು ವರ್ಷಗಟ್ಟಲೆ ಯಾರೂ ಬಂದ್ ಮಾಡಿರಲಿಲ್ಲ. ನನ್ನಿಂದ ಮೊದಲ ಸಲ ಅಪ್‌ಡೇಟ್ ಆದಮೇಲೆ ಅದು ತಾನೇ ಮುಚ್ಚಿ ತೆರೆದು ಪಾಸ್‌ವರ್ಡ್ ಕೇಳಿತು. ನಾಟಕೋತ್ಸವದ ಆಮಂತ್ರಣ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕಿತ್ತು. ಆಗ ತಿಳಿದದ್ದು: ಯಾರೂ ಒಬ್ಬರೇ ತೆರೆಯಬಾರದೆಂದು, ಪಾಸ್‌ವರ್ಡಿನ ಅರ್ಧವನ್ನು ಅಧ್ಯಕ್ಷರಿಗೂ ಇನ್ನರ್ಧವನ್ನು ಕಾರ್ಯದರ್ಶಿಗೂ ಕೊಟ್ಟಿದ್ದರು. ಆಮೇಲೆ ಅವರಿಬ್ಬರೂ ಮಾತು ಬಿಟ್ಟಿದ್ದರು.

ಇಬ್ಬರನ್ನೂ ಕರೆಸಿದೆ. ಅಧ್ಯಕ್ಷರು ಕೀಲಿ ಒತ್ತುವಾಗ ಕಾರ್ಯದರ್ಶಿ ಗೋಡೆಯ ಕಡೆ ತಿರುಗಿ ನಿಂತರು. ಕಾರ್ಯದರ್ಶಿ ಒತ್ತುವಾಗ ಅಧ್ಯಕ್ಷರು ಕಿಟಕಿಯಾಚೆ ನೋಡಿದರು. ತೆರೆಯಲಿಲ್ಲ.

"ಕಾರ್ಯದರ್ಶಿಗಳ ಅರ್ಧ ಮೊದಲು ಹಾಕಿ ನೋಡೋಣವೇ?" ಎಂದೆ.

ಅಧ್ಯಕ್ಷರು ಬಹಳ ಹೊತ್ತು ಯೋಚಿಸಿದರು. ಆಮೇಲೆ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು:

"ಹೊಸ ಕಂಪ್ಯೂಟರ್ ಎಷ್ಟಕ್ಕೆ ಸಿಗ್ತದೆ ಮಾರಾಯ್ರೆ?"

ಎರಡು ಯುದ್ಧ ಕಂಡವರು

ಮುಲುಂಡಿನ ಒಂದು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಮಂಗಳೂರಿನವರು. ಅವತ್ತು ಹನ್ನೊಂದಕ್ಕೆ ವಾರ್ಷಿಕ ಸಭೆ, ಜೊತೆಗೆ ಚುನಾವಣೆ. ಮತದಾರರ ಪಟ್ಟಿ ಕಂಪ್ಯೂಟರಿನೊಳಗೆ. ಹತ್ತಕ್ಕೆ ಅವರ ಫೋನ್ ಬಂದಾಗ ನಾನು ಲೋಕಲ್ ರೈಲಿನಲ್ಲಿ ಒಂಟಿ ಕಾಲಿನಲ್ಲಿ ನಿಂತಿದ್ದೆ.

"ಪಾಸ್‌ವರ್ಡ್ ಸರಿಯೇ ಉಂಟು. ಒಳಗೆ ಬಿಟ್ಟ ಹಾಗೆ ಮಾಡ್ತದೆ, ಪುನಃ ಬಾಗಿಲಿಗೇ ತಂದು ನಿಲ್ಲಿಸ್ತದೆ."

"ಅದು ಹೊಸ ಕರ್ನಲ್ ತೊಂದರೆ. ಹಳೇ ಕರ್ನಲ್ ಅಲ್ಲೇ ಇದೆ. ಅದರಿಂದ ಸ್ಟಾರ್ಟ್ ಮಾಡಿಸಿ."

ಸೆಕ್ರೆಟರಿ ದನಿ ತಗ್ಗಿಸಿದರು. "ನೀವು ಅವರನ್ನ 'ಅದು' ಅನ್ನಬಾರದು. ಎರಡು ಯುದ್ಧ ಕಂಡವರು."

ಏನೆಂದು ಕೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಸೊಸೈಟಿ ಆಫೀಸಿಗೆ ಹೋಗಿ ನೋಡಿದರೆ, ಕಂಪ್ಯೂಟರಿನ ಮುಂದೆ ಮೂರನೇ ಮಾಳಿಗೆಯ ನಿವೃತ್ತ ಕರ್ನಲ್ ಸಾಹೇಬರು. ಇಸ್ತ್ರಿ ಮಾಡಿದ ಶರ್ಟು, ಎದೆಯ ಮೇಲೆ ಪದಕಗಳು. ಹಿಂದೆ ಹತ್ತು ಹನ್ನೆರಡು ಸದಸ್ಯರು ಉಸಿರು ಬಿಗಿಹಿಡಿದು ನಿಂತಿದ್ದರು.

ಸೆಕ್ರೆಟರಿ ಪಿಸುಗುಟ್ಟಿದರು: "ಸ್ನಾನಕ್ಕೆ ಹೊರಟಿದ್ದರು, ನೀವು ಹೇಳಿದ್ದೀರಿ ಅಂತ ಪದಕ ಎಲ್ಲ ಹಾಕ್ಸಿ ಕರ್ಕೊಂಡು ಬಂದೆ. ಹೊಸ ಕರ್ನಲ್ ಯಾರೂಂತ ಮಾತ್ರ ಗೊತ್ತಾಗಲಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಇರೋದು ಇವರೊಬ್ಬರೇ."

ಕರ್ನಲ್ ಸಾಹೇಬರು ಪರದೆಯಿಂದ ಕಣ್ಣು ತೆಗೆಯದೆ, "ಬೀಸ್ ಬಾರ್ ಹಮ್ಲಾ ಕಿಯಾ," ಎಂದರು. "ದುಶ್ಮನ್ ಹರ್ ಬಾರ್ ವಾಪಸ್ ಫೇಂಕ್ ದೇತಾ ಹೈ." ಇಪ್ಪತ್ತು ಸಲ ದಾಳಿ ಮಾಡಿದ್ದರು, ಇಪ್ಪತ್ತು ಸಲವೂ ಶತ್ರು ಹೊರಗೆಸೆದಿದ್ದ.

ಅವರನ್ನು ಎಬ್ಬಿಸಲು ನನಗೆ ಧೈರ್ಯ ಬರಲಿಲ್ಲ. ಅವರ ಭುಜದ ಮೇಲಿಂದ ಕೈ ಚಾಚಿ, ಕಂಪ್ಯೂಟರನ್ನು ಮತ್ತೆ ಶುರುಮಾಡಿ, ಪಟ್ಟಿಯಲ್ಲಿ ಹಳೇ ಕರ್ನಲ್ ಆರಿಸಿದೆ. ಅವರು ಇಪ್ಪತ್ತೊಂದನೇ ಸಲ ಪಾಸ್‌ವರ್ಡ್ ಒತ್ತಿದರು. ತೆರೆಯಿತು. ಎಲ್ಲರೂ ಚಪ್ಪಾಳೆ ತಟ್ಟಿ ಅವರ ಕೈ ಕುಲುಕಿದರು.

ಸೆಕ್ರೆಟರಿ ರಿಜಿಸ್ಟರ್ ತೆರೆದು ನನ್ನನ್ನು ಕೇಳಿದರು: "ಹೇಗೆ ಸರಿಯಾಯ್ತು ಅಂತ ಬರೀಲಿ?"

"ಹಳೇ ಕರ್ನಲ್‌ನಿಂದ," ಎಂದೆ. ನಾನು ಸುಳ್ಳು ಹೇಳುವವನಲ್ಲ.

ಅವರು ಅದನ್ನೇ ಇಂಗ್ಲಿಷಿನಲ್ಲಿ ಬರೆದು ಸಹಿಗಾಗಿ ಸಾಹೇಬರ ಮುಂದಿಟ್ಟರು. ಸಾಹೇಬರು ಕನ್ನಡಕ ಏರಿಸಿ ಎರಡು ಸಲ ಓದಿದರು. 'ಓಲ್ಡ್' ಎಂಬುದನ್ನು ಹೊಡೆದುಹಾಕಿ, ಮೇಲೆ 'ರಿಟೈರ್ಡ್' ಎಂದು ತಿದ್ದಿ, ಸಹಿ ಹಾಕಿದರು.